ಬಂಗಡೆಗೆ ಯಾವ ಕಪಾಟು, ತಂಬುಳಿಗೆ ಯಾವ ಅಂಕಿ?

(ಗ್ರಂಥಪಾಲಕರ ದಿನದ ನಿಮಿತ್ತ ಶಿರಸಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

641. ಈ ಅಂಕಿ ಕೇಳಿ ಯಾರ ಮುಖದಲ್ಲಿ ನಗು ಬಂದಿತೋ ಅವರು ಗ್ರಂಥಪಾಲಕರು. ಉಳಿದವರು ಅವರ ಜೊತೆಗೆ ಬಂದವರು, ಅಥವಾ ಮಳೆಗೆ ಒಳಗೆ ಬಂದವರು. ಮೂರೂ ಪಂಗಡದವರಿಗೆ ನಮಸ್ಕಾರ.

ಪುಸ್ತಕಗಳಿಗೆ ವಿಷಯವಾರು ಅಂಕಿ ಕೊಟ್ಟು ಕಪಾಟಿನಲ್ಲಿ ಜಾಗ ಗೊತ್ತುಮಾಡುವ, ಅಮೆರಿಕದ ಮೆಲ್ವಿಲ್ ಡ್ಯೂಯಿಯ ದಶಮಾಂಶ ವರ್ಗೀಕರಣದಲ್ಲಿ 641 ಎಂದರೆ ಆಹಾರ ಮತ್ತು ಪಾನೀಯ. ಅದರೊಳಗೆ 641.5 ಅಡುಗೆ, 641.2 ಕುಡಿಯುವ ಪದಾರ್ಥ. ನಮ್ಮ ವೃತ್ತಿಯವರು ನಾಲ್ಕು ಜನ ಸೇರಿದರೆ ‘ಊಟ ಆಯಿತೇ’ ಎಂದು ಕೇಳುವುದಿಲ್ಲ, ‘641 ಮುಗಿಯಿತೇ’ ಎನ್ನುತ್ತಾರೆ. ಮದುವೆ ಮನೆಯಲ್ಲಿ ಬಡಿಸುವವರು ತಡ ಮಾಡಿದರೆ 642ರ ಬಗ್ಗೆ ಗೊಣಗುತ್ತಾರೆ, ಏಕೆಂದರೆ ಊಟ ಬಡಿಸುವ ವ್ಯವಸ್ಥೆಗೆ ಅದೇ ಅಂಕಿ. ಜಿಲೇಬಿ ಹೆಚ್ಚಾದರೆ 616.3, ಅಂದರೆ ಜೀರ್ಣಾಂಗದ ಕಾಯಿಲೆಗಳು. ಹೋಟೆಲಿನಲ್ಲಿ ಬಿಲ್ ಬಂದಾಗ 332, ಹಣಕಾಸು. ಆಗ ಮಾತ್ರ ಎಲ್ಲರೂ ಮೌನವಾಗಿ ತಮ್ಮ ತಮ್ಮ ಕಪಾಟಿಗೆ ಮರಳುತ್ತಾರೆ.

ಹೊರಗಿನವರಿಗೆ ಇದು ಬಡಪಾಯಿ ಹಾಸ್ಯ. ಇರಲಿ. ಆದರೆ ನಮ್ಮ ತಮಾಷೆ ಸುತ್ತಿ ಬಳಸಿ ಅಡುಗೆಮನೆಗೇ ಯಾಕೆ ಹೋಗುತ್ತದೆ? ತತ್ವಶಾಸ್ತ್ರದ 100ರ ಮೇಲೆ ಇಷ್ಟು ಜೋಕುಗಳಿಲ್ಲ, ಗಣಿತದ 510ರ ಮೇಲಂತೂ ಕೇಳಲೇಬೇಡಿ. ನನಗೆ ತೋಚಿದ್ದು ಇಷ್ಟು: ವರ್ಗೀಕರಣ ಎಲ್ಲಿ ಮುಗ್ಗರಿಸುತ್ತದೆ ಎಂಬುದು ಊಟದ ಎಲೆಯ ಮೇಲೆ ಕಾಣುವಷ್ಟು ಬೇಗ ಬೇರೆ ಕಡೆ ಕಾಣುವುದಿಲ್ಲ. ತತ್ವಶಾಸ್ತ್ರದ ಪುಸ್ತಕವನ್ನು ತಪ್ಪು ಜಾಗದಲ್ಲಿ ಇಟ್ಟರೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗದು. ಪಾಯಸವನ್ನು ಉಪ್ಪಿನಕಾಯಿಯ ಜಾಗದಲ್ಲಿ ಬಡಿಸಿ ನೋಡಿ, ಐದು ವರ್ಷದ ಮಗುವೂ ಕೂಗುತ್ತದೆ. ಊಟದ ವಿಷಯದಲ್ಲಿ ಎಲ್ಲರೂ ವರ್ಗೀಕರಣಕಾರರೇ, ಎಲ್ಲರಿಗೂ ತಮ್ಮದೇ ಸರಿ.

ಬಂಗಡೆಯಿಂದ ಶುರು ಮಾಡುತ್ತೇನೆ. ಜೂನ್ 1ರಿಂದ ಜುಲೈ 31ರ ತನಕದ ಮೀನುಗಾರಿಕೆ ನಿಷೇಧ ಮುಗಿದು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿದಿರುವ ಹೊತ್ತಿದು. ಶಿರಸಿಯ ವೇದಿಕೆಯಲ್ಲಿ ಮೀನಿನ ಮಾತೆತ್ತಿದ್ದಕ್ಕೆ ಘಟ್ಟದ ಮೇಲಿನ ಸಸ್ಯಾಹಾರಿಗಳು ಮುನಿಯಬಾರದು, ನಿಮ್ಮ ತಂಬುಳಿಯ ಸರದಿಯೂ ಬರುತ್ತದೆ.

ಬಂಗಡೆ ಕಡಲಿನಲ್ಲಿ ಈಜುತ್ತಿರುವಾಗ ಪ್ರಾಣಿಶಾಸ್ತ್ರದ 597. ಬಲೆಗೆ ಬಿದ್ದ ಕೂಡಲೇ 639.2, ಮೀನುಗಾರಿಕೆ. ದಕ್ಕೆಯಲ್ಲಿ ಹರಾಜಾಗುವಾಗ ಅರ್ಥಶಾಸ್ತ್ರದ 338.3727. ಪಾತ್ರೆಗೆ ಬಿದ್ದರೆ 641.692. ವೈದ್ಯರು ‘ಹೃದಯಕ್ಕೆ ಒಳ್ಳೆಯದು, ತಿನ್ನಿ’ ಎಂದರೆ 613.2. ‘ಶ್ರಾವಣ ಸೋಮವಾರ, ಇವತ್ತು ಬೇಡ’ ಎಂದು ಮನೆಯಲ್ಲಿ ಹೇಳಿದರೆ ಆಹಾರದ ಆಚಾರಗಳ 394.1. ಒಂದೇ ಮೀನು ಆರು ಕಪಾಟು ಸುತ್ತಿತು. ಇಷ್ಟರಲ್ಲೇ ಮುಗಿಯಲಿಲ್ಲ. ಅಡುಗೆಯೊಳಗೇ 641.6 ಪದಾರ್ಥವನ್ನು ಹಿಡಿದು ಹೋಗುತ್ತದೆ, 641.7 ಬೇಯಿಸುವ ವಿಧಾನವನ್ನು ಹಿಡಿದು ಹೋಗುತ್ತದೆ, 641.8 ತಿನಿಸಿನ ಬಗೆಯನ್ನು ಹಿಡಿದು ಹೋಗುತ್ತದೆ. ಹುರಿದ ಬಂಗಡೆ ಮೀನೆಂದು 641.692ಕ್ಕೆ ಹೋಗಬೇಕೋ, ಹುರಿದದ್ದೆಂದು 641.77ಕ್ಕೆ ಹೋಗಬೇಕೋ? ಒಣಗಿಸಿಟ್ಟರೆ 641.4, ಆಹಾರ ಸಂರಕ್ಷಣೆ. ಅಡುಗೆಯವರು ಪ್ಯಾಂಟ್ರಿಗೆ ಹೋಗಿ ಬರುವಷ್ಟರಲ್ಲಿ ಗ್ರಂಥಪಾಲಕ ನಿಯಮ ಪುಸ್ತಕದ ಆದ್ಯತೆಯ ಪಟ್ಟಿ ಬಿಚ್ಚಿಕೊಂಡು ಕೂತಿರುತ್ತಾನೆ.

ಈಗ ಕಾರವಾರದ ಮೀನು ಪೇಟೆಗೆ ಬನ್ನಿ. ಒದ್ದೆ ಹಲಗೆಯ ಮೇಲೆ ಬಂಗಡೆಯನ್ನು ಪಾಲು ಪಾಲಾಗಿ ಜೋಡಿಸಿಕೊಂಡು ಕೂತ ಹೆಂಗಸು ನಿಮ್ಮನ್ನು ಮೊದಲು ಕೇಳುವುದು ‘ಎಷ್ಟು ಬೇಕು’ ಎಂದಲ್ಲ. ‘ಹುರಿಯುವುದಕ್ಕೋ ಸಾರಿಗೋ?’ ಎಂದು ಕೇಳುತ್ತಾರೆ. ಸಾರಿಗೆ ಎಂದರೆ ಒಂದು ಪಾಲು, ಹುರಿಯಲು ಎಂದರೆ ಇನ್ನೊಂದು ಪಾಲು ಮುಂದೆ ಬರುತ್ತದೆ. ನೀವು ಅನುಮಾನದಿಂದ ನೋಡಿದರೆ ಹೆಬ್ಬೆರಳಿನಿಂದ ಕಿವಿರು ಎತ್ತಿ ಒಳಗಿನ ಕೆಂಪು ತೋರಿಸುತ್ತಾರೆ. ಹಲಗೆಯ ಇನ್ನೊಂದು ತುದಿಯಲ್ಲಿ ತಾರ್ಲೆ, ಅದರಾಚೆ ಸಿಗಡಿ, ಬುಟ್ಟಿಯಲ್ಲಿ ಬಳಚು. ಜಾತಿ, ಗಾತ್ರ, ತಾಜಾತನ, ಉಪಯೋಗ ಎಂಬ ನಾಲ್ಕು ಲೆಕ್ಕವನ್ನು ಒಂದೇ ಹಲಗೆಯ ಮೇಲೆ ಹೊಂದಿಸಿ, ಮಧ್ಯಾಹ್ನದೊಳಗೆ ಅಷ್ಟೂ ಕಪಾಟು ಖಾಲಿ ಮಾಡಿ ಮನೆಗೆ ಹೋಗುತ್ತಾರೆ. ಓದುಗ ಪುಸ್ತಕದ ಹೆಸರು ಹೇಳುವ ಮೊದಲು ಅದು ಅವನಿಗೆ ಯಾಕೆ ಬೇಕು ಎಂದು ತಿಳಿದುಕೊಳ್ಳಿ ಎಂದು ಗ್ರಂಥಾಲಯ ವಿಜ್ಞಾನದ ತರಗತಿಯಲ್ಲಿ ಒಂದು ಪಾಠವೇ ಇದೆ. ಆ ಪಾಠವನ್ನು ನಾನು ಈ ಪೇಟೆಯಲ್ಲಿ ಕಂಡಷ್ಟು ಸೊಗಸಾಗಿ ಯಾವ ಪರಾಮರ್ಶನ ವಿಭಾಗದಲ್ಲೂ ಕಂಡಿಲ್ಲ.

ಕಾರವಾರದ ಮೀನು ಸಾರಿಗೆ ಇನ್ನೊಂದು ತಾಪತ್ರಯ ಇದೆ, ಅದು ಗಡಿಯ ತಾಪತ್ರಯ. ದಶಮಾಂಶ ಪದ್ಧತಿಯಲ್ಲಿ ಭಾರತದ ಅಡುಗೆ 641.5954. ಕರ್ನಾಟಕದ್ದು ಬೇಕಾದರೆ ಬಾಲಕ್ಕೆ ಇನ್ನೆರಡು ಅಂಕಿ ಸೇರಿ 641.595487. ಗೋವಾದ್ದು 641.59547ರ ಬಳಗದಲ್ಲಿ. ಮಾಜಾಳಿಯಿಂದ ಗೋವಾದ ಪೋಳೆಂಗೆ ಹೋಗಲು ಒಂದು ತನಿಖಾ ಠಾಣೆ ದಾಟಿದರೆ ಸಾಕು. ಆಚೆಗೂ ಈಚೆಗೂ ಅದೇ ತೆಂಗಿನಕಾಯಿ, ಅದೇ ಮುರುಗಲು ಸಿಪ್ಪೆ, ಬಹುಮಟ್ಟಿಗೆ ಅದೇ ಕೊಂಕಣಿ. ಕಪಾಟಿನಲ್ಲಿ ಮಾತ್ರ ಗೋವಾದ ಸಾರಿನಿಂದ ಕಾರವಾರದ ಸಾರಿಗೆ ಬರುವ ದಾರಿಯಲ್ಲಿ ತಮಿಳುನಾಡಿನ 5482, ಕೇರಳದ 5483, ಆಂಧ್ರದ 5484 ಎಲ್ಲವನ್ನೂ ಹಾಯ್ದು ಬರಬೇಕು. ಇಡ್ಲಿ, ಪುಟ್ಟು, ಗೊಂಗೂರ ಚಟ್ನಿ ಮುಗಿಸಿಕೊಂಡು ಬರುವಷ್ಟರಲ್ಲಿ ಬಂಗಡೆ ಹಳಸಿರುತ್ತದೆ. ಬಂದು ಸೇರಿದ ಮೇಲಾದರೂ ನೆಮ್ಮದಿಯೇ? ಅಲ್ಲಿ ರಾಗಿ ಮುದ್ದೆ, ಜೋಳದ ರೊಟ್ಟಿ, ಶಿರಸಿಯ ಅಪ್ಪೆಹುಳಿ, ಭಟ್ಕಳದ ಬಿರಿಯಾನಿ ಎಲ್ಲವೂ ಒಂದೇ 5487ರಲ್ಲಿ ತೊಡೆಗೆ ತೊಡೆ ತಾಗಿಸಿ ಕೂತಿವೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯ ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಹೋಯಿತು, 1956ರ ನವೆಂಬರ್‌ನಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಸಾರು ಒಲೆಯ ಮೇಲಿಂದ ಕದಲಲಿಲ್ಲ, ಆಡಳಿತ ಎರಡು ಬಾರಿ ಬದಲಾಯಿತು.

ಘಟ್ಟ ಹತ್ತೋಣ. ಒಂದೆಲಗದ ತಂಬುಳಿ ತೆಗೆದುಕೊಳ್ಳಿ. ಸೊಪ್ಪು, ಕಾಯಿತುರಿ, ಜೀರಿಗೆ, ಕಾಳುಮೆಣಸು ರುಬ್ಬಿ ಮಜ್ಜಿಗೆಗೆ ಕಲಸಿದ್ದು. ಕುದಿಸಲಿಲ್ಲ, ಹಾಗಾಗಿ ಸಾರಲ್ಲ. ಅನ್ನಕ್ಕೆ ಕಲಸಿಕೊಂಡಾಗ ಪದಾರ್ಥ, ಊಟದ ನಡುವೆ ಕೈಬೊಗಸೆಗೆ ಹಾಕಿಸಿಕೊಂಡು ಸುರಿದರೆ 641.2ರ ಪಾನೀಯ. ‘ನೆನಪಿನ ಶಕ್ತಿಗೆ ಒಳ್ಳೆಯದು, ಪರೀಕ್ಷೆ ಹತ್ತಿರ ಬಂತು, ಇನ್ನೊಂದು ಸೌಟು ಹಾಕಿಕೋ’ ಎಂದು ಅಜ್ಜಿ ಹೇಳಿದ ಕ್ಷಣದಲ್ಲಿ ಅದು ಸಸ್ಯೌಷಧಗಳ 615.321. ಒಂದು ಸೌಟಿನೊಳಗೆ ಇಷ್ಟು! ವೃತ್ತಿಯ ಗೆಳತಿಯೊಬ್ಬರು ಇದನ್ನು ಚೆನ್ನಾಗಿ ಹೇಳುತ್ತಾರೆ: ‘ತಂಬುಳಿ ಎಲ್ಲಿಡಬೇಕು ಎಂದು ತೀರ್ಮಾನಿಸುವಷ್ಟರಲ್ಲಿ ಅದು ಎಲೆಯ ಅಂಚು ದಾಟಿ ಪಕ್ಕದವರ ಪಂಚೆಗೆ ಹೋಗಿರುತ್ತದೆ ಮಾರಾಯರೇ.’

ತೊಡೆದೇವು ಇನ್ನೂ ಕಷ್ಟ. ಆಲೆಮನೆಯ ದಿನಗಳಲ್ಲಿ ಅದನ್ನು ಮಾಡುವುದನ್ನು ನೋಡದವರು ಈ ಸಭೆಯಲ್ಲಿ ಕಡಿಮೆ, ಆದರೂ ಕೆಳಗಿನಿಂದ ಬಂದವರಿಗಾಗಿ ಹೇಳುತ್ತೇನೆ. ಗುಂಡನೆಯ ಗಡಿಗೆಯನ್ನು ಉರಿಯ ಮೇಲೆ ಬೋರಲು ಹಾಕುತ್ತಾರೆ. ನುಣ್ಣಗೆ ರುಬ್ಬಿದ ಅಕ್ಕಿಯನ್ನು ಕಬ್ಬಿನ ಹಾಲಿಗೆ ಕಲಸಿ ನೀರಾಗಿ ಮಾಡಿಕೊಂಡು, ಅದರಲ್ಲಿ ಅದ್ದಿದ ಬಟ್ಟೆಯನ್ನು ಗಡಿಗೆಯ ಬೆನ್ನಿನ ಮೇಲೆ ಒಂದೇ ಎಳೆತಕ್ಕೆ ಎಳೆಯುತ್ತಾರೆ. ಕೈ ತಡೆದರೆ ದಪ್ಪವಾಗುತ್ತದೆ, ಹಾರಿದರೆ ತೂತು ಬೀಳುತ್ತದೆ. ಚುಂಯ್ ಎಂದು ಸದ್ದಾಗಿ ಬಿಳಿ ಪದರ ಕೆಂಪಾಗುವಷ್ಟರಲ್ಲಿ ಅಂಚು ಎದ್ದು ನಿಲ್ಲುತ್ತದೆ. ಬೆರಳು ಸುಟ್ಟರೂ ಆ ಬಿಸಿಯಲ್ಲೇ ಮಡಚಬೇಕು, ತಣಿದ ಮೇಲೆ ಮುಟ್ಟಿದರೆ ಪುಡಿ ಪುಡಿ. ಇದು ಸಿಹಿ, ಆದ್ದರಿಂದ 641.86 ಎನ್ನುತ್ತಾರೆ ಒಬ್ಬರು. ಹಿಟ್ಟು ಹರಡಿ ಕಾವಲಿಯಂಥದ್ದರ ಮೇಲೆ ಮಾಡಿದ್ದು, ರೊಟ್ಟಿ ಬ್ರೆಡ್ಡುಗಳ ಜೊತೆ 641.815ಕ್ಕೆ ಹೋಗಲಿ ಎನ್ನುತ್ತಾರೆ ಇನ್ನೊಬ್ಬರು. ಡಬ್ಬಿಯಲ್ಲಿ ತುಂಬಾ ದಿನ ಇಡಬಹುದಲ್ಲ, ಹಾಗಾದರೆ ಸಂರಕ್ಷಣೆ ಎಂದು ಮೂರನೆಯವರು. ತಮಾಷೆಗೆ ಹುಟ್ಟಿದ ಈ ವಾದ ಮುಗಿಯುವ ಹೊತ್ತಿಗೆ ಡಬ್ಬಿ ಖಾಲಿ. ಸಂರಕ್ಷಣೆಯ ಪಕ್ಷ ಅಲ್ಲಿಗೆ ಬಿದ್ದುಹೋಗುತ್ತದೆ.

ಇಂಥ ಪೇಚಾಟಕ್ಕೆ ಮದ್ದು ಹುಡುಕಿದವರ ಜನ್ಮದಿನವನ್ನೇ ನಾವು ಇವತ್ತು ಆಚರಿಸುತ್ತಿರುವುದು. ಶಿಯಾಳಿ ರಾಮಾಮೃತ ರಂಗನಾಥನ್, 1892ರ ಆಗಸ್ಟ್ 12. ಗಣಿತದ ಮೇಷ್ಟ್ರು, ಮೊದಲು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಪಾಠ ಹೇಳಿದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗೆ ಲಂಡನ್ನಿಗೆ ಹೋದಾಗ ಅಲ್ಲಿನ ದೊಡ್ಡ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆ ನೋಡಿದರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು, ಜೋಡಿಸಿದಂತೆ ಬೇರೆ ಬೇರೆ ಯಂತ್ರ. ವಿಷಯಗಳನ್ನೂ ಹೀಗೆ ಬಿಡಿಭಾಗಗಳಿಂದ ಜೋಡಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. 1933ರಲ್ಲಿ ಕೋಲನ್ ವರ್ಗೀಕರಣ ಹೊರಬಂತು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು.

ಡ್ಯೂಯಿಯವರದು ಸಿದ್ಧ ಕಪಾಟು, ಇದ್ದುದರಲ್ಲಿ ಒಂದು ಖಾನೆ ಆರಿಸಿಕೊಳ್ಳಬೇಕು. ರಂಗನಾಥನ್ ಅವರದು ಐದು ಪ್ರಶ್ನೆ. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಉತ್ತರಗಳನ್ನು ಅಲ್ಪವಿರಾಮ, ಅರ್ಧವಿರಾಮ, ಕೋಲನ್, ಚುಕ್ಕೆ, ಒಂಟಿ ಉದ್ಧರಣ ಚಿಹ್ನೆಗಳಿಂದ ಪೋಣಿಸಿದರೆ ಸಂಖ್ಯೆ ಸಿದ್ಧ. ಕಾರವಾರದ ಸಾರನ್ನು ಹಾಕಿ ನೋಡಿ. ವ್ಯಕ್ತಿತ್ವ ಬಂಗಡೆ. ದ್ರವ್ಯ ತೆಂಗಿನಕಾಯಿ, ಒಣಮೆಣಸು, ಮುರುಗಲು. ಶಕ್ತಿ ಕುದಿಸುವುದು. ದೇಶ ಕಾಳಿ ನದಿಯ ದಂಡೆ. ಕಾಲ ಆಗಸ್ಟ್ ನಂತರ. ನಮ್ಮ ವಲಯದ ಹಳೆಯ ಚೇಷ್ಟೆ ಇದು. ಇದು ನಿಜವಾದ ಕೋಲನ್ ಸಂಖ್ಯೆಯಲ್ಲ, ಪರೀಕ್ಷೆಯಲ್ಲಿ ಬರೆಯಬೇಡಿ. ಆದರೆ ಮೀನು ಪೇಟೆಯ ಆ ಹೆಂಗಸು ಕೇಳಿದ್ದಕ್ಕೂ ಇದಕ್ಕೂ ಎಷ್ಟು ಹತ್ತಿರ ನೋಡಿ. ಖಾನೆ ಯಾವುದು ಎಂದು ಅವರು ಕೇಳಲಿಲ್ಲ, ಏನು, ಯಾತಕ್ಕೆ, ಯಾವತ್ತಿನದು ಎಂದು ಬಿಡಿಸಿ ಕೇಳಿದರು.

ಕಾಲವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಕುಮಟಾ ತಾಲ್ಲೂಕಿನ ಗಜನಿ ಗದ್ದೆಗಳಿವೆ. ಅಘನಾಶಿನಿಯ ಅಳಿವೆಯಲ್ಲಿ ಮಳೆಗಾಲಕ್ಕೆ ಉಪ್ಪುನೀರು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಅಳಿವೆಯ ನೀರು ಬಿಟ್ಟರೆ ಸಿಗಡಿ, ಮೀನು. ಭತ್ತಕ್ಕೆ 633.18, ಸಿಗಡಿಗೆ 639.5. ಗದ್ದೆಗೆ? ಯಾವ ತಿಂಗಳಲ್ಲಿ ಕೇಳುತ್ತೀರಿ ಎಂಬುದರ ಮೇಲೆ ಹೋಗುತ್ತದೆ.

ರಂಗನಾಥನ್ ಅವರ ಹೆಸರು ಬಂದಮೇಲೆ, ‘ಪುಸ್ತಕ ಇರುವುದು ಬಳಸುವುದಕ್ಕೆ’ ಎಂದು ಶುರುವಾಗಿ ‘ಗ್ರಂಥಾಲಯ ಬೆಳೆಯುವ ಜೀವಿ’ ಎಂದು ಮುಗಿಯುವ ಅವರ 1931ರ ಪಂಚಸೂತ್ರ ಬಿಟ್ಟರೆ ಈ ಸಭೆ ನನ್ನನ್ನು ಇಳಿಸುತ್ತದೆ. ನಮ್ಮ ಊಟದ ಮನೆಗಳಲ್ಲಿ ಓಡಾಡುವ ಪಾಠಾಂತರ ಹೀಗಿದೆ: ಊಟ ಇರುವುದು ಉಣ್ಣುವುದಕ್ಕೆ. ಪ್ರತಿ ಉಣ್ಣುವವನಿಗೂ ಅವನ ಊಟ. ಪ್ರತಿ ಊಟಕ್ಕೂ ಅದನ್ನು ಉಣ್ಣುವವನು. ಉಣ್ಣುವವನ ಸಮಯ ಉಳಿಸಿ. ಗ್ರಂಥಪಾಲಕನ ಹೊಟ್ಟೆ ಬೆಳೆಯುವ ಜೀವಿ. ಮೂರನೆಯ ಸೂತ್ರವನ್ನು ಸಮ್ಮೇಳನಗಳ ತಣ್ಣನೆಯ ಉಪ್ಪಿಟ್ಟಿನ ಮುಂದೆ ನಿಂತು ಭಕ್ತಿಯಿಂದ ಪಠಿಸುವುದು ವಾಡಿಕೆ.

ಇದು ನಮ್ಮ ಕಾಲದ ಚಾಳಿ ಎಂದುಕೊಳ್ಳಬೇಡಿ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಸೂಪಶಾಸ್ತ್ರ ಬರೆದ. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಬದನೆ, ಹಲಸು, ಕಳಲೆ ಎಂದು ಅಡುಗೆಯನ್ನು ವಿಂಗಡಿಸಿಕೊಂಡು, ಎಲ್ಲವನ್ನೂ ವಾರ್ಧಕ ಷಟ್ಪದಿಯಲ್ಲಿ ಹೇಳಿದ. ಒಗ್ಗರಣೆಗೂ ಪ್ರಾಸ! ಈ ಪುಸ್ತಕವನ್ನು ಅಡುಗೆಯ 641.5ರಲ್ಲಿ ಇಡುತ್ತೀರೋ, ಕನ್ನಡ ಸಾಹಿತ್ಯದ 894.814ರಲ್ಲಿ ಇಡುತ್ತೀರೋ? ಸಾಹಿತ್ಯದಲ್ಲಿ ಇಟ್ಟರೆ ಅಡುಗೆಯವರಿಗೆ ಸಿಗದು, ಅಡುಗೆಯಲ್ಲಿ ಇಟ್ಟರೆ ಎಂ.ಎ. ಓದುವವರು ಅತ್ತ ಕಾಲಿಡರು. ಅದಕ್ಕೂ ಹಿಂದೆ 11ನೇ ಶತಮಾನದ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಕೃಷಿ, ಅಂತರ್ಜಲ, ಸುಗಂಧ, ವಿಷವೈದ್ಯದ ಜೊತೆಗೆ ಪಾಕವೂ ಇದೆ. ಅದು ವಿಶ್ವಕೋಶಗಳ 030ಕ್ಕೇ ಹೋಗಬೇಕೇನೋ. ಅಂದಹಾಗೆ ಈ 894ರ ಖಾನೆಯಲ್ಲಿ ಕನ್ನಡದ ನೆರೆಹೊರೆಯವರು ತುರ್ಕಿ, ಹಂಗೇರಿ ಮತ್ತು ಫಿನ್‌ಲೆಂಡಿನ ಸಾಹಿತ್ಯಗಳು. ಅಮೆರಿಕದಲ್ಲಿ ಕೂತು ಅಂಕಿ ಹಂಚಿದವರಿಗೆ ನಮ್ಮ ಗದ್ದಲ ಅಷ್ಟು ದೂರದಿಂದ ಒಂದೇ ತರಹ ಕೇಳಿರಬೇಕು.

ಹಂಚಿದವರ ಊಟದ ಮನೆಯ ಕಡೆಗೂ ಸ್ವಲ್ಪ ನೋಡಬೇಕು. ಮೆಲ್ವಿಲ್ ಡ್ಯೂಯಿ 1876ರಲ್ಲಿ 44 ಪುಟದ ಕಿರುಹೊತ್ತಗೆಯಾಗಿ ತನ್ನ ಪದ್ಧತಿಯನ್ನು ಪ್ರಕಟಿಸಿದ. ಕಾಗುಣಿತ ಸುಧಾರಣೆಯ ಹುಚ್ಚಿನ ಮನುಷ್ಯ. ಲೇಕ್ ಪ್ಲ್ಯಾಸಿಡ್ ಎಂಬಲ್ಲಿ ಆತ ನಡೆಸುತ್ತಿದ್ದ ಕ್ಲಬ್ಬಿನ ಊಟದ ಪಟ್ಟಿಯಲ್ಲಿ ಐಸ್‌ಕ್ರೀಮಿನ ‘ಐಸ್’ ವೈ ಮತ್ತು ಎಸ್ ಎಂಬ ಎರಡೇ ಅಕ್ಷರಕ್ಕೆ ಇಳಿದಿತ್ತು, ಬೆಣ್ಣೆಯ ಇಂಗ್ಲಿಷ್ ಪದದಲ್ಲಿ ಒಂದು ಟಿ, ಒಂದು ಇ ಕರಗಿ ಹೋಗಿದ್ದವು. ನಗೋಣ. ಆದರೆ ಅದೇ ಕ್ಲಬ್ಬಿನ ಊಟದ ಮೇಜಿಗೆ ಯಹೂದಿಗಳಿಗೆ ಪ್ರವೇಶ ಇರಲಿಲ್ಲ. ಅದರ ವಿರುದ್ಧ ದೂರು ಎದ್ದು ನ್ಯೂಯಾರ್ಕ್ ರಾಜ್ಯ ಗ್ರಂಥಪಾಲಕನ ಹುದ್ದೆಯನ್ನು ಆತ ಬಿಡಬೇಕಾಯಿತು. ಆತನ ಜನಾಂಗದ್ವೇಷ ಮತ್ತು ಹೆಂಗಸರೊಡನೆಯ ದುರ್ವರ್ತನೆಯ ಕಾರಣಕ್ಕೆ 2019ರಲ್ಲಿ ಅಮೆರಿಕದ ಗ್ರಂಥಾಲಯ ಸಂಘವು ತನ್ನ ಪದಕವೊಂದರಿಂದ ಆತನ ಹೆಸರನ್ನು ತೆಗೆಯಲು ನಿರ್ಣಯಿಸಿತು. ಪುಸ್ತಕಗಳನ್ನು ವಿಂಗಡಿಸಿದವನೇ ಉಣ್ಣುವವರನ್ನೂ ವಿಂಗಡಿಸಿದ. ದೂರದ ಕತೆ ಎಂದು ಯಾರೂ ಆರಾಮಾಗಿ ಕೂರಬೇಡಿ. ಪಂಕ್ತಿಭೇದವನ್ನು ನಮ್ಮವರಿಗೆ ಯಾವ ಡ್ಯೂಯಿಯೂ ಕಲಿಸಲಿಲ್ಲ. ಯಾರು ಯಾವ ಸಾಲಿನಲ್ಲಿ, ಯಾವ ಹೊತ್ತಿಗೆ, ಒಳಗೋ ಹೊರಗೋ ಎಂಬ ಪಟ್ಟಿಯನ್ನು ಬರೆದಿಡದೆಯೇ ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದರು. ಆ ವರ್ಗೀಕರಣದ ಮೇಲೆ ಯಾರೂ ಜೋಕು ಮಾಡಿದ್ದು ನಾನು ಕೇಳಿಲ್ಲ.

ತೆರಿಗೆಯವರ ವಿಷಯ ಎರಡೇ ಮಾತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1893ರಲ್ಲಿ ಸುಂಕದ ಲೆಕ್ಕಕ್ಕೆ ಟೊಮೆಟೊ ಹಣ್ಣಲ್ಲ, ತರಕಾರಿ ಎಂದಿತು. ನಮ್ಮ ರಾಜ್ಯದ ಜಿಎಸ್‌ಟಿ ಮುಂಗಡ ತೀರ್ಪಿನ ಪ್ರಾಧಿಕಾರ 2020ರಲ್ಲಿ ಪರೋಟ ರೊಟ್ಟಿಯಲ್ಲ, ಶೇ 18 ಕಟ್ಟಿ ಎಂದಿತು. 2025ರ ಸೆಪ್ಟೆಂಬರ್‌ನಲ್ಲಿ ಎರಡಕ್ಕೂ ತೆರಿಗೆ ಸೊನ್ನೆಯಾಗಿ ಪರೋಟ ಮತ್ತೆ ಕುಲಕ್ಕೆ ಸೇರಿತು. ನಾವು ತಪ್ಪು ಖಾನೆಯಲ್ಲಿ ಇಟ್ಟರೆ ಓದುಗನ ಅರ್ಧ ಗಂಟೆ ಹಾಳು, ಅವರು ಇಟ್ಟರೆ ಜೇಬು ಹಾಳು.

ಹಾಗಾದರೆ ಮಾಡುವುದೇನು? ಪುಸ್ತಕ ಒಂದೇ ಕಡೆ ಕೂರಬಹುದು, ಅದಕ್ಕೆ ಎರಡು ಬೆನ್ನಿಲ್ಲ. ಗ್ರಂಥಾಲಯದ ಪುಸ್ತಕಪಟ್ಟಿ, ಅಂದರೆ ಸೂಚಿಗೆ ಆ ಕಟ್ಟು ಇಲ್ಲ. ಹಳೆಯ ಕಾರ್ಡಿನ ಪೆಟ್ಟಿಗೆಯಲ್ಲಿ ‘ನೋಡಿ’, ‘ಇದನ್ನೂ ನೋಡಿ’ ಎಂಬ ಎರಡು ಬಗೆಯ ಚೀಟಿಗಳಿದ್ದವು, ಈಗ ಕಂಪ್ಯೂಟರಿನಲ್ಲಿ ವಿಷಯ ಶೀರ್ಷಿಕೆಗಳಿವೆ. ಬಂಗಡೆ ಎಂದು ಹುಡುಕಿದರೂ, ಮೀನಡುಗೆ ಎಂದು ಹುಡುಕಿದರೂ, ಕಾರವಾರ ಎಂದು ಹುಡುಕಿದರೂ ಅದೇ ಪುಸ್ತಕ ಬರುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ತಂಬುಳಿ, ಹಶಿ, ಕಾಯಿರಸ, ತೊಡೆದೇವು ಎಂಬ ಶಬ್ದಗಳನ್ನು ನಾವು ಸೂಚಿಗೆ ಸೇರಿಸದಿದ್ದರೆ ದೂರದ ಸಂಪಾದಕ ಮಂಡಳಿ ಸೇರಿಸುವುದಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ಅಡುಗೆಯ ಹಳೆಯ ಇಂಗ್ಲಿಷ್ ಶೀರ್ಷಿಕೆ ಬಿಟ್ಟು ಜನ ಆಡುವ ಶಬ್ದಕ್ಕೆ ಬಂತು. ಅಷ್ಟು ದೊಡ್ಡ ಸಂಸ್ಥೆ ಬದಲಾಗಬಹುದಾದರೆ ತಾಲ್ಲೂಕು ಗ್ರಂಥಾಲಯಕ್ಕೆ ಏನು ಅಡ್ಡಿ? ಓದುಗರಿಗೂ ಒಂದು ಮಾತು. ನೀವು ಕಟ್ಟುವ ಮನೆ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಇದೆ, 1965ರ ಕಾಯ್ದೆಯ ಪ್ರಕಾರ. ಕಪಾಟು ನಿಮ್ಮದು. ನಮ್ಮ ಊರಿನ ಅಡುಗೆ ಎಲ್ಲಿದೆ ಎಂದು ಬಂದು ಕೇಳಿ, ಜಬರ್ದಸ್ತಿನಿಂದಲೇ ಕೇಳಿ.

ಉಪನ್ಯಾಸದ ನಂತರ ಒಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ, ಶಿರಸಿಯಲ್ಲಿ ಅದು ಬಂದೇ ಬರುತ್ತದೆ: ‘ಹಾಗಾದರೆ ಅಡಿಕೆ ಎಲ್ಲಿ?’ ನಾನು ಹೇಳಿದ್ದು ಇದು. ತೋಟದ ಪುಸ್ತಕಗಳು ಕೃಷಿಯ 630ರ ಬಳಗದಲ್ಲಿ. ದರದ ಏರಿಳಿತ 338.1. ತಾಂಬೂಲ ಕೊಡುವ ಸಂಪ್ರದಾಯ 390ರ ಸಾಲಿನಲ್ಲಿ. ಶಿರಸಿ ಸುಪಾರಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆಯ ಹಕ್ಕು ಕಾನೂನಿನ 340ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ಗುರುತಿಸಿದೆ, ಅದು 616.994ರಲ್ಲಿ. ಇವುಗಳಲ್ಲಿ ಒಂದನ್ನು ಓದಿದವರು ಇನ್ನೊಂದು ಕಪಾಟಿನ ಕಡೆ ತಲೆ ಹಾಕುವುದಿಲ್ಲ, ಅದಕ್ಕೇ ಈ ವಿಷಯದಲ್ಲಿ ಇಷ್ಟು ಜಗಳ. ಐದೂ ಕಡೆ ‘ಇದನ್ನೂ ನೋಡಿ’ ಚೀಟಿ ಹಾಕುವುದು ನಮ್ಮ ಕೆಲಸ, ಯಾರಿಗೆ ಸಿಟ್ಟು ಬಂದರೂ.

ಅವರು ಅಷ್ಟಕ್ಕೇ ಬಿಡಲಿಲ್ಲ. ‘641ರಲ್ಲಿ ಇಡುವುದಿಲ್ಲವೇ?’ ಎಂದರು. ನಾನು ಸಭೆಯ ಅಭಿಪ್ರಾಯ ಕೇಳಿದೆ. ಅರ್ಧಕ್ಕರ್ಧ ಜನರ ಬಾಯಲ್ಲಿ ಕವಳ ಇತ್ತು, ಹಾಗಾಗಿ ಯಾರೂ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.